ಸಾಕುಹಾವಿನ ಹೊಟ್ಟೆಯಡಿಯ ನೆಲ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಸಾಕುಪ್ರಾಣಿಗಳ ಪುಟದಲ್ಲಿ ಈಚೆಗೆ ಪ್ರಕಟವಾದ, ಹಾವು ಸಾಕುವವರಿಗಾಗಿ ಬರೆದ ಲೇಖನವನ್ನು ಆಸಕ್ತಿಯಿಂದ ಓದಿದೆ. ಗೂಡಿನ ಅಳತೆ, ಬಿಸಿಯ ಏರ್ಪಾಡು, ಆಹಾರ ಕೊಡುವ ಅಂತರ ಇವುಗಳ ಬಗ್ಗೆ ಲೇಖಕರು ಎಚ್ಚರಿಕೆಯಿಂದಲೇ ಬರೆದಿದ್ದಾರೆ. ಆದರೆ ಗೂಡಿನ ತಳಕ್ಕೆ ಏನನ್ನು ಹಾಸಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ, ಮರದ ಹೊಟ್ಟನ್ನಾಗಲಿ ಮರಳನ್ನಾಗಲಿ ಕಣ್ಣಿಗೆ ಹಿತವಾಗುವಂತೆ ಹರಡಿದರೆ ಸಾಕು ಎಂಬರ್ಥದ ಒಂದೇ ಸಾಲಿನಲ್ಲಿ ವಿಷಯವನ್ನು ಮುಗಿಸಿಬಿಟ್ಟಿದ್ದಾರೆ. ಆ ಒಂದು ಸಾಲನ್ನು ನಂಬಿ ಹೊಸಬರು ಯಾರಾದರೂ ಗೂಡು ಸಜ್ಜುಗೊಳಿಸಿದರೆ ಅದರ ನೋವನ್ನು ಉಣ್ಣಬೇಕಾದದ್ದು ಮೂಕಜೀವವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಹಾವು ಸಾಕುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಕಾನೂನಿನ ಒಪ್ಪಿಗೆ ಇರುವ ಕಡೆ, ಕಾಡಿನಿಂದ ಹಿಡಿದು ತಂದದ್ದಲ್ಲದ, ಗೂಡಿನಲ್ಲೇ ಹುಟ್ಟಿ ಬೆಳೆದ ಹಾವನ್ನು ಸಾಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತ್ರ ನನ್ನ ಮಾತು.

ನೆಲಹಾಸು ಹಾವಿಗೆ ಏಕೆ ಅಷ್ಟು ಮುಖ್ಯ ಎಂಬುದು ಅದರ ಮೈಕಟ್ಟನ್ನು ನೋಡಿದರೆ ತಾನಾಗಿಯೇ ತಿಳಿಯುತ್ತದೆ. ನಾಯಿ, ಬೆಕ್ಕುಗಳು ನೆಲವನ್ನು ಮುಟ್ಟುವುದು ನಾಲ್ಕು ಅಂಗಾಲುಗಳಿಂದ. ಹಾವಾದರೋ ತಲೆಯಿಂದ ಬಾಲದವರೆಗೆ ಹೊಟ್ಟೆಯ ಉದ್ದಕ್ಕೂ ನೆಲವನ್ನು ಅಪ್ಪಿಕೊಂಡೇ ಬದುಕುತ್ತದೆ. ಹೊಟ್ಟೆಯಡಿಯ ಅಗಲವಾದ ಹುರುಪೆಗಳನ್ನು ನೆಲಕ್ಕೆ ಒತ್ತಿಯೇ ಅದು ಮುಂದೆ ಸಾಗಬೇಕು, ನೆಲದ ಬಿಸಿಯನ್ನು ಹೀರಿಯೇ ತಿಂದದ್ದನ್ನು ಅರಗಿಸಿಕೊಳ್ಳಬೇಕು, ಕೆಳದವಡೆಯ ಮೂಳೆಯ ಮೂಲಕ ನೆಲದ ಕಂಪನವನ್ನು ಗ್ರಹಿಸಿಯೇ ಯಾರೋ ಬರುತ್ತಿದ್ದಾರೆಂದು ಅರಿಯಬೇಕು, ನಾಲಿಗೆಯನ್ನು ನೆಲದ ಸಮೀಪ ಆಡಿಸಿ ಅಲ್ಲಿನ ವಾಸನೆಯ ಕಣಗಳನ್ನು ಅಂಗುಳಿನ ಗ್ರಾಹಕಕ್ಕೆ ಒಯ್ದೇ ತನ್ನ ಸುತ್ತಲಿನ ಲೋಕವನ್ನು ತಿಳಿಯಬೇಕು. ಇಷ್ಟೆಲ್ಲಕ್ಕೂ ಆಧಾರವಾದ ಒಂದು ವಸ್ತುವನ್ನು ನಾವು ಗೋಡೆಯ ಬಣ್ಣ ಆರಿಸುವಂತೆ ಆರಿಸಿದರೆ ಅದು ಮೇಲೆ ತಳುಕು, ಒಳಗೆ ಹುಳುಕು ಎಂಬಂತಾಗುತ್ತದೆ. ಆದ್ದರಿಂದ ನನ್ನ ವಾದ ಇಷ್ಟೇ: ನೆಲಹಾಸನ್ನು ಆರಿಸುವ ಮೊದಲು ಆ ಜಾತಿಯ ಹಾವು ಕಾಡಿನಲ್ಲಿ ಎಂಥ ಜಾಗದಲ್ಲಿ ಹೊಟ್ಟೆಯೂರಿ ಮಲಗುತ್ತದೆ ಎಂಬುದನ್ನು ಕೇಳಿಕೊಳ್ಳಬೇಕು, ಮತ್ತು ಆ ಜಾಗದ ತೇವ ಎಷ್ಟು, ಅದು ಎಲ್ಲಿರುತ್ತದೆ ಎಂಬುದನ್ನು ಅದಕ್ಕಿಂತ ಹೆಚ್ಚಾಗಿ ಕೇಳಿಕೊಳ್ಳಬೇಕು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆ. ನಾನು ಮೊದಲು ಸಾಕಿದ್ದು ಬಾಲ್ ಪೈಥಾನ್ ಎಂಬ, ಆಫ್ರಿಕ ಖಂಡದ ಪಶ್ಚಿಮ ಮತ್ತು ನಡುಭಾಗಕ್ಕೆ ಸೇರಿದ ಸಣ್ಣ ಹೆಬ್ಬಾವನ್ನು. ಅದಕ್ಕೆ ಗಾಳಿಯಲ್ಲಿ ಶೇಕಡ 60ರಿಂದ 80ರಷ್ಟು ಆರ್ದ್ರತೆ ಬೇಕು ಎಂದು ಎಲ್ಲೋ ಓದಿದ್ದೆ. ಗೂಡಿನ ತಳಕ್ಕೆ ತೆಂಗಿನ ನಾರಿನ ಪುಡಿ ಹಾಸಿ, ಗಾಜಿಗೆ ಅಂಟಿಸಿದ ಆರ್ದ್ರತಾಮಾಪಕದ ಮುಳ್ಳು 60ಕ್ಕಿಂತ ಕೆಳಗಿಳಿದಾಗಲೆಲ್ಲ ಮೇಲಿನಿಂದ ನೀರು ಚಿಮುಕಿಸುತ್ತಿದ್ದೆ. ಮುಳ್ಳು ಮೇಲೇರುತ್ತಿತ್ತು, ನನಗೆ ಸಮಾಧಾನವಾಗುತ್ತಿತ್ತು. ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ನೀರಿನ ಬಟ್ಟಲು ಬದಲಿಸಲೆಂದು ಹಾವನ್ನು ಎತ್ತಿದಾಗ ಅದರ ಹೊಟ್ಟೆಯ ಬಿಳಿ ಹುರುಪೆಗಳ ಅಂಚು ಕಂದುಗಟ್ಟಿ, ನಡುವೆ ಅಲ್ಲಲ್ಲಿ ಕೆಂಪು ಛಾಯೆ ಹರಡಿ, ಬಾಲದ ಕಡೆಗೆ ಎರಡು ಹುರುಪೆಗಳ ಕೆಳಗೆ ನೀರು ತುಂಬಿದ ಸಣ್ಣ ಬೊಕ್ಕೆಗಳು ಎದ್ದಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಎಂಬ ಮಾತು ಹಾವಿನ ವಿಷಯದಲ್ಲಿ ಸಲ್ಲುವುದಿಲ್ಲ. ಅದರ ಹುಣ್ಣು ಅದು ಮಲಗಿರುವ ಮಗ್ಗುಲಿನಲ್ಲೇ ಇರುತ್ತದೆ. ಎತ್ತಿ ತಿರುಗಿಸದ ಹೊರತು ಎರಡು ತಿಂಗಳು ಕಳೆದರೂ ಕಣ್ಣಿಗೆ ಬೀಳುವುದಿಲ್ಲ. ಮೇಲ್ಗಡೆ ಹಾವು ಎಂದಿನಂತೆ ಹೊಳೆಯುತ್ತಲೇ ಇತ್ತು.

ಸರೀಸೃಪಗಳನ್ನು ಬಲ್ಲ ಪಶುವೈದ್ಯರು ನೋಡಿ, ಇದು ಸಾಕುವವರು ಸ್ಕೇಲ್ ರಾಟ್ ಎಂದು ಕರೆಯುವ, ಹುರುಪೆ ಕೊಳೆಯುವ ರೋಗದ ಮೊದಲ ಹಂತ ಎಂದರು. ಸದಾ ಒದ್ದೆಯಾದ, ಅದರಲ್ಲೂ ಹೊಲಸು ಬೆರೆತ ನೆಲದ ಮೇಲೆ ಹೊಟ್ಟೆ ಊರಿ ಮಲಗಿದ ಹಾವಿನ ಚರ್ಮ ಮೆತ್ತಗಾಗಿ, ಸೂಡೋಮೊನಾಸ್, ಏರೊಮೊನಾಸ್ ಮುಂತಾದ ಬ್ಯಾಕ್ಟೀರಿಯಗಳು ಒಳಹೊಕ್ಕು ಬೊಕ್ಕೆಯೆಬ್ಬಿಸುತ್ತವೆ. ಅಲ್ಲಿಗೇ ತಡೆಯದಿದ್ದರೆ ಸೋಂಕು ರಕ್ತಕ್ಕೆ ಇಳಿದು ಹಾವು ಸಾಯಬಹುದು. ನನ್ನ ಹಾವು ಬದುಕಿತು. ಔಷಧದ ಜೊತೆಗೆ ಅದನ್ನು ವಾರಗಟ್ಟಲೆ ಬರಿಯ ಒಣ ಕಾಗದದ ಮೇಲೆ ಇರಿಸಬೇಕಾಯಿತು. ಮೂರು ಬಾರಿ ಪೊರೆ ಬಿಟ್ಟ ಮೇಲೆ ಹೊಟ್ಟೆಯ ಕಲೆ ಮಾಸಿತು. ತಪ್ಪು ತೆಂಗಿನ ನಾರಿನದ್ದಲ್ಲ, ಅದನ್ನು ಬಳಸಿದ ನನ್ನದು. ಗಾಳಿಯಲ್ಲಿ ತೇವ ಇರಬೇಕು ಎಂಬುದನ್ನು ನೆಲ ಒದ್ದೆಯಾಗಿರಬೇಕು ಎಂದು ನಾನು ತಿಳಿದುಕೊಂಡಿದ್ದೆ.

ಈ ವ್ಯತ್ಯಾಸವನ್ನು ಬಾಲ್ ಪೈಥಾನಿನ ಕಾಡಿನ ಬದುಕೇ ಚೆನ್ನಾಗಿ ಹೇಳಿಕೊಡುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಯಿತು ಎಂದು ನಾವು ಆಡಿಕೊಳ್ಳುವ ಮಾತು ಈ ಹಾವಿಗೆ ಅಕ್ಷರಶಃ ಒಪ್ಪುತ್ತದೆ. ಅದು ಹಗಲನ್ನು ಕಳೆಯುವುದು ಬಿಟ್ಟುಹೋದ ಗೆದ್ದಲಿನ ಹುತ್ತಗಳಲ್ಲಿ ಮತ್ತು ಇಲಿ, ಹೆಗ್ಗಣಗಳಂಥ ಪ್ರಾಣಿಗಳು ತೋಡಿದ ಬಿಲಗಳಲ್ಲಿ. ಮೇಲೆ ಹುಲ್ಲುಗಾವಲು ಬಿಸಿಲಿಗೆ ಒಣಗಿ ಗರಿಗರಿಯಾಗಿದ್ದರೂ ಬಿಲದೊಳಗಿನ ಗಾಳಿ ತೇವವಾಗಿರುತ್ತದೆ, ಆದರೆ ಬಿಲದ ನೆಲ ಕೆಸರಾಗಿರುವುದಿಲ್ಲ. ಆ ಗಾಳಿಯನ್ನು ಗೂಡಿನಲ್ಲಿ ತರಿಸುವ ಉಪಾಯ ಮೇಲಿನಿಂದ ನೀರು ಚಿಮುಕಿಸುವುದರಲ್ಲಿಲ್ಲ. ತೆಂಗಿನ ನಾರಿನ ಪುಡಿ, ತೆಂಗಿನ ಸಿಪ್ಪೆಯ ತುಣುಕು ಅಥವಾ ಸೈಪ್ರೆಸ್ ಮರದ ಚಕ್ಕೆಚೂರನ್ನು ಐದರಿಂದ ಎಂಟು ಸೆಂಟಿಮೀಟರು ದಪ್ಪಕ್ಕೆ ಹಾಸಿ, ಗೂಡಿನ ಮೂಲೆಗಳಲ್ಲಿ ಗಾಜಿನ ಅಂಚಿಗೆ ತಾಗಿಸಿ ನಿಧಾನವಾಗಿ ನೀರು ಹನಿಸಿದರೆ ಅದು ನೇರವಾಗಿ ಅಡಿಪದರಕ್ಕೆ ಇಳಿದು ಅಲ್ಲಿಂದ ಆವಿಯಾಗಿ ಮೇಲೇರುತ್ತದೆ. ಹಾವು ಮಲಗುವ ಮೇಲ್ಪದರ ಒಣದಾಗಿಯೇ ಉಳಿಯುತ್ತದೆ. ತೇವ ಹದವಾಗಿದೆಯೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ. ಅಡಿಯಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ನೋಡಿದಾಗ ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿದರೆ ಅತಿಯಾಯಿತು, ಮುಷ್ಟಿ ಬಿಚ್ಚಿದ ಕೂಡಲೇ ಪುಡಿ ಉದುರಿಹೋದರೆ ಸಾಲದು, ಉಂಡೆಯಾಗಿ ನಿಂತು ಬೆರಳು ತಾಗಿಸಿದರೆ ಒಡೆಯುವಂತಿದ್ದರೆ ಸರಿ. ಆರ್ದ್ರತಾಮಾಪಕವನ್ನೂ ಮೇಲ್ಮುಚ್ಚಳದ ಬಳಿ ತೂಗುಹಾಕದೆ, ಹಾವು ಉಸಿರಾಡುವ ಎತ್ತರದಲ್ಲಿ, ಅಂದರೆ ನೆಲದ ಸಮೀಪ ಇಡಬೇಕು. ಗಾಜಿನ ಗೂಡಿಗೆ ಜಾಲರಿಯ ಮುಚ್ಚಳವಿದ್ದರೆ ಎಂಥ ನೆಲಹಾಸೂ ತೇವವನ್ನು ಬಹಳ ಹೊತ್ತು ಹಿಡಿದಿಡಲಾರದು; ಅಂಥಲ್ಲಿ ಮುಚ್ಚಳದ ಮುಕ್ಕಾಲು ಪಾಲನ್ನು ಮರೆಮಾಡುವುದು ಮೊದಲ ಕೆಲಸ, ನೀರು ಹಾಕುವುದು ಆಮೇಲಿನದು.

ತೇವ ಕಡಿಮೆಯಾದರೂ ಕಷ್ಟವೇ. ಪೊರೆ ಒಂದೇ ಕೊಳವೆಯಾಗಿ ಕಳಚಿ ಬರದೆ ಚಿಂದಿಚಿಂದಿಯಾಗುತ್ತದೆ, ಬಾಲದ ತುದಿಯಲ್ಲಿ ಉಂಗುರದಂತೆ ಉಳಿದುಕೊಂಡು ರಕ್ತ ಹರಿಯದಂತೆ ಬಿಗಿಯುತ್ತದೆ. ಹಾವಿಗೆ ರೆಪ್ಪೆಗಳಿಲ್ಲ, ಕಣ್ಣನ್ನು ಮುಚ್ಚಿರುವ ಪಾರದರ್ಶಕ ಹುರುಪೆಯೂ ಪೊರೆಯೊಡನೆ ಕಳಚಬೇಕು. ಅದು ಕಳಚದೆ ಪದರದ ಮೇಲೆ ಪದರ ಕೂತರೆ ಕಣ್ಣೇ ಕೆಡಬಹುದು. ಇದಕ್ಕೆ ಇಡೀ ಗೂಡನ್ನು ನೆನೆಸಬೇಕಾಗಿಲ್ಲ. ಒಳಗೆ ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ ಹಿಂಡಿ ತುಂಬಿದ, ಹಾವು ನುಸುಳುವಷ್ಟು ತೂತಿರುವ ಒಂದು ಮುಚ್ಚಿದ ಡಬ್ಬಿಯನ್ನು ಗೂಡಿನ ಒಂದು ಬದಿಗಿಟ್ಟರೆ, ಪೊರೆ ಬಿಡುವ ಮೊದಲು ಕಣ್ಣು ಮಂಜಾದ ದಿನಗಳಲ್ಲಿ ಹಾವು ತಾನಾಗಿಯೇ ಹೋಗಿ ಅದರಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಉಳಿದ ದಿನ ಒಣ ನೆಲ, ಬೇಕಾದ ದಿನ ತೇವದ ಮೂಲೆ: ಈ ಆಯ್ಕೆಯನ್ನು ಹಾವಿನ ಕೈಯಲ್ಲೇ ಬಿಡುವುದು ಎಲ್ಲಕ್ಕಿಂತ ಒಳ್ಳೆಯದೆಂದು ನನ್ನ ಅನಿಸಿಕೆ. (ಹಾವಿಗೆ ಕೈ ಎಲ್ಲಿ ಎಂದು ಕೇಳುವವರಿಗೆ ಕ್ಷಮೆಯಿರಲಿ.)

ಒಣ ನೆಲವನ್ನು ಬಯಸುವ ಹಾವುಗಳ ಮಾತು ಬೇರೆ. ಸಾಕುವವರಲ್ಲಿ ಬಹಳ ಪರಿಚಿತವಾದ, ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕಿಗೆ ಶೇಕಡ 40ರಿಂದ 60ರ ಆರ್ದ್ರತೆ ಸಾಕು. ಅದಕ್ಕೂ, ಮೂತಿಯ ತುದಿ ಗುದ್ದಲಿಯಂತೆ ಮೇಲಕ್ಕೆ ತಿರುಗಿರುವ ಪಶ್ಚಿಮದ ಹಾಗ್‌ನೋಸ್ ಹಾವಿಗೂ ಆಸ್ಪೆನ್ ಮರದ ಚೂರು, ಅಂದರೆ ಬಡಗಿ ಮರ ಕೀಸುವಾಗ ಉದುರುವಂಥ ತೆಳುವಾದ ಸುರುಳಿಚೂರು, ತುಂಬ ಚೆನ್ನಾಗಿ ಒಪ್ಪುತ್ತದೆ. ಅದರ ಗುಣ ತಿಳಿಯಬೇಕಾದರೆ ಒಂದು ರಾತ್ರಿ ಗೂಡಿನ ಮುಂದೆ ಸದ್ದಿಲ್ಲದೆ ಕುಳಿತು ನೋಡಬೇಕು. ಹಾವು ತಲೆಯನ್ನು ಚೂರಿನೊಳಗೆ ತೂರಿಸಿ, ಕತ್ತನ್ನು ಎಡಕ್ಕೂ ಬಲಕ್ಕೂ ಒತ್ತಿ ದಾರಿ ಮಾಡಿಕೊಂಡು, ಮೈಯನ್ನು ನಿಧಾನವಾಗಿ ಒಳಕ್ಕೆ ಎಳೆದುಕೊಂಡು ಕಣ್ಮರೆಯಾಗುತ್ತದೆ. ಅದು ಹೋದ ಮೇಲೂ ಸುರಂಗ ಕುಸಿಯದೆ ಹಾಗೆಯೇ ನಿಂತಿರುತ್ತದೆ, ಏಕೆಂದರೆ ಸುರುಳಿಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಮರುದಿನ ಅದೇ ಸುರಂಗದ ಬಾಯಲ್ಲಿ ಒಂದು ಮೂತಿ, ಎರಡು ಕಣ್ಣು ಮಾತ್ರ ಕಾಣುತ್ತವೆ. ಈ ಕೆಲಸವನ್ನು ಮರಳೂ ಮಾಡಲಾರದು, ಕಾಗದವೂ ಮಾಡಲಾರದು. ಆದರೆ ಆಸ್ಪೆನ್ ಒದ್ದೆಯಾದರೆ ಎರಡು ಮೂರು ದಿನಗಳಲ್ಲೇ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಬಾಲ್ ಪೈಥಾನಿಗೆ, ಮತ್ತು ಶೇಕಡ 75ಕ್ಕಿಂತ ಹೆಚ್ಚಿನ ತೇವ ಬೇಡುವ ಅಮೆಜಾನ್ ಕಾಡಿನ ರೈನ್‌ಬೋ ಬೋವಾಗೆ ಅದನ್ನು ಹಾಸುವುದು ತಪ್ಪು. ನೀರಿನ ಬಟ್ಟಲನ್ನು ಚೂರಿನ ಮೇಲಿಡದೆ ಅಗಲವಾದ ಹಂಚಿನ ಮೇಲಿಟ್ಟರೆ, ಹಾವು ಬಟ್ಟಲಿಗಿಳಿದು ನೀರು ಚೆಲ್ಲಿದರೂ ಚೂರು ತೋಯುವುದಿಲ್ಲ.

ಲೇಖನದಲ್ಲಿ ಶಿಫಾರಸು ಮಾಡಿರುವ ಮರಳಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹೆಸರಿನಲ್ಲೇ ಮರಳು ಇರುವ ಸ್ಯಾಂಡ್ ಬೋವಾಗೆ ಮರಳಲ್ಲದೆ ಬೇರೇನು ಎಂದು ಕೇಳುವುದು ಸಹಜ. ಆದರೆ ಅಂಗಡಿಯಲ್ಲಿ ಚೀಲಕ್ಕೆ ತುಂಬಿ ಮಾರುವ ಬರಿಯ ನುಣುಪು ಮರಳಿಗೂ ಆ ಹಾವುಗಳು ಬದುಕುವ ಮಣ್ಣುಮಿಶ್ರಿತ, ಸ್ವಲ್ಪ ಗಟ್ಟಿಗಟ್ಟುವ ಮರಳುನೆಲಕ್ಕೂ ಅಜಗಜಾಂತರ. ಬರಿಯ ಮರಳು ಸುರಂಗವನ್ನು ಹಿಡಿದಿಡುವುದಿಲ್ಲ, ಧೂಳೆಬ್ಬಿಸುತ್ತದೆ, ಹುರುಪೆಗಳ ಸಂದಿಗೆ ಸೇರಿಕೊಳ್ಳುತ್ತದೆ. ಸುಣ್ಣದಂಶದಿಂದ ತಯಾರಿಸಿ, ನುಂಗಿದರೂ ಕರಗುತ್ತದೆಂದು ಹೇಳಿ ಮಾರುವ ಬಣ್ಣಬಣ್ಣದ ಮರಳು ಇನ್ನೂ ಕೆಟ್ಟದ್ದು. ತೇವ ತಾಗಿದರೆ ಅದು ಹೆಪ್ಪುಗಟ್ಟುತ್ತದೆ, ಹೊಟ್ಟೆಯೊಳಗೂ ಹಾಗೆಯೇ ಹೆಪ್ಪುಗಟ್ಟಬಲ್ಲದು. ಗೊಬ್ಬರವಾಗಲಿ ಕೀಟನಾಶಕವಾಗಲಿ ಬೆರೆಯದ ಮಣ್ಣಿಗೆ ಮರಳನ್ನು ಬೆರೆಸಿ, ಹತ್ತು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಹಾಸಿದರೆ ಬಿಲ ತೋಡುವ ಹಾವುಗಳು ನೆಮ್ಮದಿಯಾಗಿರುತ್ತವೆ. ಅದೂ ಬೇಡವೆಂದರೆ ಆಸ್ಪೆನ್ ಇದ್ದೇ ಇದೆ.

ಮರದ ಹೊಟ್ಟು ಯಾವುದಾದರೂ ಆದೀತು ಎಂಬ ಮಾತಂತೂ ಅಪಾಯಕಾರಿ. ಸೀಡರ್ ಮರದ ಚೂರನ್ನು ಹಾವಿನ ಗೂಡಿಗೆ ಎಂದೂ ಹಾಕಬಾರದು. ಈ ವಿಷಯದಲ್ಲಿ ಅನುಭವಿಗಳಲ್ಲಿ ಎರಡು ಮಾತಿಲ್ಲ. ಬಟ್ಟೆಯ ಪೆಟ್ಟಿಗೆಗೆ ಹುಳ ಬಾರದಂತೆ ಕಾಯುವ ಆ ಮರದ ಪರಿಮಳವೇ ಅದರ ದೋಷ. ಆ ಪರಿಮಳಕ್ಕೆ ಕಾರಣವಾದ ಆವಿಯಾಗುವ ಎಣ್ಣೆಗಳು ಉಸಿರಿನ ದಾರಿಯನ್ನು ಕೆರಳಿಸುತ್ತವೆ. ಪಶ್ಚಿಮದ ಕೆಂಪು ಸೀಡರಿನಲ್ಲಿರುವ ಪ್ಲಿಕಾಟಿಕ್ ಆಮ್ಲ ಆ ಮರವನ್ನು ಕೊಯ್ಯುವ ಕಾರ್ಮಿಕರಿಗೇ ಉಬ್ಬಸ ತರುತ್ತದೆಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ. ದಿನದ ಕೆಲಸ ಮುಗಿಸಿ ಹೊರಗೆ ಹೋಗುವ ಮನುಷ್ಯನ ಪಾಡೇ ಹೀಗಾದರೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದೇ ಚೂರಿಗೆ ಮೂತಿಯಿಟ್ಟು ಹಗಲೂ ರಾತ್ರಿ ಮಲಗುವ ಪ್ರಾಣಿಯ ಪಾಡೇನು? ಹಾವಿಗೆ ನಮ್ಮಂತೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟಕ್ಕೆ ನೆರವಾಗುವ ವಪೆಯಿಲ್ಲ, ಬಲವಾಗಿ ಕೆಮ್ಮಿ ಕಫ ಹೊರಹಾಕುವ ಶಕ್ತಿಯೂ ಅದಕ್ಕಿಲ್ಲ. ಒಳಗೆ ಸೇರಿದ್ದು ಒಳಗೇ ಉಳಿಯುತ್ತದೆ. ಪೈನ್ ಮರದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿದೆ. ಮರ ಒಣಗಿಸುವ ಬಿಸಿಕೋಣೆಯಲ್ಲಿ ಚೆನ್ನಾಗಿ ಒಣಗಿಸಿದ ಪೈನಿನಲ್ಲಿ ಇಂಥ ಎಣ್ಣೆಗಳ ಬಹುಪಾಲು ಹೊರಟುಹೋಗಿರುತ್ತದೆ ಎಂದು ವಾದಿಸಿ ಅದನ್ನು ಬಳಸುವವರು ಇದ್ದಾರೆ, ಅವರ ಹಾವುಗಳೂ ಚೆನ್ನಾಗಿಯೇ ಇವೆ. ನಾನು ಬಳಸುವುದಿಲ್ಲ. ಚೀಲವನ್ನು ಬಿಚ್ಚಿದ ಕೂಡಲೇ ಮೂಗಿಗೆ ಘಮ್ಮೆಂದು ಬಡಿಯುವ ಯಾವ ಮರದ ಚೂರನ್ನೂ ಹಾವಿನ ಗೂಡಿಗೆ ಹಾಕಬಾರದೆಂಬುದು ನಾನು ಪಾಲಿಸುವ ಸರಳ ನಿಯಮ.

ಮೆಕ್ಕೆಜೋಳದ ದಿಂಡಿನ ತರಿ, ಅಕ್ರೋಟಿನ ಚಿಪ್ಪಿನ ಪುಡಿ, ಬೆಕ್ಕಿನ ಮಲಕ್ಕೆ ಬಳಸುವ ಹರಳು, ಕೆರೆಯಂಚಿನ ಜಲ್ಲಿ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೊದಲಿನದು ನುಂಗಿದರೆ ಉಬ್ಬುತ್ತದೆ, ಎರಡನೆಯದು ಚುಚ್ಚುತ್ತದೆ, ಮೂರನೆಯದು ಮೈಯ ತೇವವನ್ನೇ ಹೀರುತ್ತದೆ, ನಾಲ್ಕನೆಯದರ ಸಂದಿಗೆ ಇಳಿದ ಹೊಲಸು ಮತ್ತೆ ಕೈಗೆ ಸಿಗುವುದಿಲ್ಲ. ಹಸಿರು ರತ್ನಗಂಬಳಿಯಂತೆ ಕಾಣುವ ಕೃತಕ ಹಾಸನ್ನು ಒಗೆದು ಮತ್ತೆ ಬಳಸಬಹುದಾದರೂ ಅದರ ನಾರಿನ ನಡುವೆ ಹೊಲಸು ಕೂರುತ್ತದೆ, ಒರಟು ಮೇಲ್ಮೈಗೆ ಮೂತಿ ಉಜ್ಜಿ ಗಾಯವಾಗುತ್ತದೆ.

ಇನ್ನು ಕಾಗದ. ಹಾವಿನ ಗೂಡಿಗೆ ಹಾಸುವ ವಸ್ತುಗಳಲ್ಲಿ ಅತ್ಯಂತ ನಂಬಿಕಸ್ಥವಾದವುಗಳ ಪೈಕಿ ಓದಿ ಮುಗಿಸಿದ ದಿನಪತ್ರಿಕೆಯೂ ಒಂದು ಎಂದರೆ ತಾವು ಅದನ್ನು ಅಪಹಾಸ್ಯವೆಂದು ಭಾವಿಸಬಾರದು. ಅದು ಧೂಳೆಬ್ಬಿಸುವುದಿಲ್ಲ, ನೀರು ಬಿದ್ದರೆ ಹೀರುತ್ತದೆ, ಮಲಿನವಾದರೆ ಸುತ್ತಿ ಎಸೆಯಬಹುದು, ಹಾವು ಅದರ ಪದರಗಳ ನಡುವೆ ನುಸುಳಿ ಅವಿತುಕೊಳ್ಳಲೂಬಹುದು. ಹೊಸದಾಗಿ ತಂದ ಹಾವನ್ನು ಮನೆಯ ಇತರ ಹಾವುಗಳಿಂದ ದೂರವಿಟ್ಟು ನೋಡಿಕೊಳ್ಳುವ ಸುಮಾರು 90 ದಿನಗಳ ಅವಧಿಯಲ್ಲಿ, ಹಾಗೆಯೇ ಗಾಯ ಅಥವಾ ಕಾಯಿಲೆ ಇರುವಾಗ, ಕಾಗದವನ್ನು ಬಿಟ್ಟು ಬೇರೇನನ್ನೂ ಹಾಸಬಾರದು. ಮಲ ಹೇಗಿದೆ, ಅದರಲ್ಲಿ ರಕ್ತವೋ ಹುಳುವೋ ಇದೆಯೇ, ತಿಂದದ್ದನ್ನು ಹಾವು ಕಕ್ಕಿದೆಯೇ ಎಂಬುದೆಲ್ಲ ಕಾಗದದ ಮೇಲೆ ತೆರೆದಿಟ್ಟಂತೆ ಕಾಣುತ್ತದೆ.

ಆದರೆ ಅಚ್ಚಾದ ಕಾಗದಕ್ಕಿಂತ ಬಿಳಿಯ ಕಾಗದ ಲೇಸು ಎಂಬುದಕ್ಕೆ ನನ್ನದೇ ಒಂದು ಪ್ರಸಂಗವಿದೆ. ಹೊಸ ಹಾವೊಂದನ್ನು ಹೀಗೆ ಪ್ರತ್ಯೇಕವಾಗಿಟ್ಟಿದ್ದಾಗ, ಅಡಿಗೆ ಹಾಸಿದ್ದ ಪತ್ರಿಕೆಯ ಸುದ್ದಿಯೊಂದರ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದೆ. ವಾಕ್ಯದ ಕೊನೆಯ ಪೂರ್ಣವಿರಾಮ ಮೆಲ್ಲಗೆ ಎದ್ದು ಮುಂದಿನ ಸಾಲಿಗೆ ನಡೆದುಹೋಯಿತು. ಅದು ಹಾವಿನ ರಕ್ತ ಕುಡಿಯುವ ನುಸಿ, ಶಾಸ್ತ್ರದ ಹೆಸರಿನಲ್ಲಿ ಓಫಿಯೋನಿಸಸ್ ನ್ಯಾಟ್ರಿಸಿಸ್. ಒಂದು ಮಿಲಿಮೀಟರಿನ ಆಸುಪಾಸಿನ ಈ ಕರಿಚುಕ್ಕೆ ಹಾವಿನ ಮೈಯಲ್ಲಿ ಕಣ್ಣಿನ ಅಂಚಿಗೂ ಗಲ್ಲದ ಕೆಳಗಿನ ಮಡಿಕೆಗೂ ಸೇರಿಕೊಳ್ಳುತ್ತದೆ, ಮೊಟ್ಟೆಯಿಡುವುದು ಮಾತ್ರ ಮೈಯಿಂದಿಳಿದು ಗೂಡಿನ ಕತ್ತಲ ತೇವದ ಸಂದಿಗಳಲ್ಲಿ. ಬೆಚ್ಚಗಿನ ಗೂಡಿನಲ್ಲಿ ಮೊಟ್ಟೆಯಿಂದ ಬಲಿತ ನುಸಿಯಾಗಲು ಎರಡು ವಾರದ ಆಸುಪಾಸು ಸಾಕು. ತೆಂಗಿನ ನಾರಿನ ಪುಡಿಯಲ್ಲಿ ಅವು ಸೇರಿದ್ದರೆ ನನಗೆ ತಿಂಗಳವರೆಗೂ ಸುಳಿವು ಸಿಗುತ್ತಿರಲಿಲ್ಲ. ಅಂದಿನಿಂದ ಹೊಸ ಹಾವಿಗೆ ಅಚ್ಚಿಲ್ಲದ ಬಿಳಿ ಕಾಗದವನ್ನೇ ಹಾಸುತ್ತೇನೆ. ಪತ್ರಿಕೆಯನ್ನು ಹಳೆಯ, ಆರೋಗ್ಯವಂತ ಹಾವಿನ ಗೂಡು ತೊಳೆಯುವ ದಿನಕ್ಕೆ ಇಟ್ಟುಕೊಳ್ಳುತ್ತೇನೆ. ಹಾಗೆಂದು ಜೀವಮಾನವಿಡೀ ಹಾವನ್ನು ಕಾಗದದ ಮೇಲೆಯೇ ಇರಿಸುವುದನ್ನೂ ನಾನು ಒಪ್ಪಲಾರೆ. ನೂರಾರು ಹಾವುಗಳನ್ನು ಮರಿಮಾಡಿಸಿ ಮಾರುವವರಿಗೆ ಅದು ಅನುಕೂಲ, ಸರಿ. ಆದರೆ ಮನೆಯಲ್ಲಿ ಒಂದೋ ಎರಡೋ ಹಾವು ಇಟ್ಟುಕೊಂಡವರು ತೋಡುವ ಪ್ರಾಣಿಗೆ ತೋಡಲು ಏನನ್ನೂ ಕೊಡದಿರುವುದಕ್ಕೆ ಸೋಮಾರಿತನವನ್ನು ಬಿಟ್ಟರೆ ಬೇರೆ ಕಾರಣ ನನಗೆ ಕಾಣದು.

ನೆಲಹಾಸಿನ ದಪ್ಪಕ್ಕೂ ಅಡಿಯಿಂದ ಕೊಡುವ ಬಿಸಿಗೂ ಇರುವ ಸಂಬಂಧವನ್ನು ಲೇಖನ ಮುಟ್ಟಿಯೇ ಇಲ್ಲ. ಗಾಜಿನ ಕೆಳಗೆ ಅಂಟಿಸುವ, ಹೀಟ್ ಮ್ಯಾಟ್ ಎಂಬ ವಿದ್ಯುತ್ತಿನ ಬಿಸಿಪಟ್ಟಿಯ ಮೇಲೆ ದಪ್ಪನೆಯ ಹಾಸು ಹಾಕಿದರೆ ಅದು ಕಂಬಳಿ ಹೊದಿಸಿದಂತಾಗಿ, ಮೇಲ್ಭಾಗ ತಣ್ಣಗಿದ್ದರೂ ಗಾಜು ಕಾದ ಕಾವಲಿಯಾಗುತ್ತದೆ. ಬಿಸಿ ಹುಡುಕಿಕೊಂಡು ಕೆಳಕ್ಕೆ ತೋಡಿದ ಹಾವು ನೇರವಾಗಿ ಆ ಗಾಜಿನ ಮೇಲೆಯೇ ಮಲಗುತ್ತದೆ, ಹೊಟ್ಟೆ ಬೇಯುತ್ತಿದ್ದರೂ ಏಳದೆ ಮಲಗಿರುವುದೂ ಉಂಟು. ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಇಂಥ ಪಟ್ಟಿಯನ್ನು ಬಳಸಲೇಬಾರದು, ಅದರ ಬಿಸಿ ಅಳೆಯುವ ತುದಿಯನ್ನು ಗಾಳಿಯಲ್ಲಿ ನೇತುಹಾಕದೆ ಪಟ್ಟಿಗೆ ತಾಗುವಂತೆ ಇಡಬೇಕು. ಬಾಲ್ ಪೈಥಾನಿಗೆ ಬಿಸಿಯ ಬದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಬಿಲ ತೋಡುವ ಹಾವಿಗೆ ಆಳವಾದ ಮಣ್ಣು ಹಾಕಬೇಕೆನ್ನುವವರು ಬಿಸಿಯನ್ನು ಮೇಲಿನಿಂದ ಕೊಡುವ ಏರ್ಪಾಡು ಮಾಡಿಕೊಳ್ಳುವುದೇ ಕ್ಷೇಮ. ತಾಪಮಾಪಕದ ತಂತಿಯನ್ನು ಹಾಸಿನೊಳಗೆ ಅಂಟುಪಟ್ಟಿಯಿಂದ ಅಂಟಿಸುವ ಅಭ್ಯಾಸವನ್ನೂ ಬಿಡಬೇಕು. ಒಮ್ಮೆ ಅಂಟುಪಟ್ಟಿಗೆ ಹಾವಿನ ಮೈ ತಾಗಿತೆಂದರೆ ಅದನ್ನು ಬಿಡಿಸುವಷ್ಟರಲ್ಲಿ ಹುರುಪೆ, ಚರ್ಮ ಎಲ್ಲವೂ ಕಿತ್ತುಬರುತ್ತವೆ.

ಆಹಾರದ ಜೊತೆ ಹಾಸಿನ ಚೂರು ಹೊಟ್ಟೆಗೆ ಹೋಗುತ್ತದೆಂಬ ಭಯ ಅನೇಕರಿಗಿದೆ. ಒಂದೆರಡು ಚೂರು ಆಸ್ಪೆನ್ ಹೋದರೆ ಆರೋಗ್ಯವಂತ ಹಾವಿಗೆ ಏನೂ ಆಗುವುದಿಲ್ಲ. ಫ್ರೀಜರಿನಿಂದ ತೆಗೆದು ಮಂಜು ಕರಗಿಸಿದ ಸತ್ತ ಇಲಿಯ ಮೈಯನ್ನು ಒರೆಸಿ ಒಣಗಿಸಿ, ಇಕ್ಕುಳದಲ್ಲಿ ಹಿಡಿದು, ಚಪ್ಪಟೆ ಕಲ್ಲಿನ ಅಥವಾ ಹಂಚಿನ ಮೇಲೆ ಕೊಟ್ಟರೆ ಚೂರು ಅಂಟುವುದೂ ಇಲ್ಲ. ಈ ಭಯದಿಂದಲೇ ಹಾವನ್ನು ಬೇರೆ ಡಬ್ಬಿಗೆ ಎತ್ತಿಟ್ಟು ತಿನ್ನಿಸಿ, ಹೊಟ್ಟೆ ತುಂಬಿದ ಹಾವನ್ನು ಮತ್ತೆ ಎತ್ತಿ ಗೂಡಿಗೆ ಬಿಡುವವರಿದ್ದಾರೆ; ಹಾಗೆ ಎತ್ತಾಡಿದರೆ ಅದು ತಿಂದದ್ದನ್ನು ಕಕ್ಕುವ ಸಂಭವ ಇರುತ್ತದೆ.

ಈಚಿನ ದಿನಗಳಲ್ಲಿ ಜೀವಂತ ಮಣ್ಣಿನ ಗೂಡುಗಳನ್ನು ಕಟ್ಟುವವರು ಹೆಚ್ಚುತ್ತಿದ್ದಾರೆ. ಅಡಿಗೆ ಸುಟ್ಟ ಜೇಡಿಮಣ್ಣಿನ ಉಂಡೆಗಳ ಪದರ, ಅದರ ಮೇಲೆ ಜಾಲರಿ, ಅದರ ಮೇಲೆ ಮಣ್ಣು, ಮೇಲೆ ಒಣ ಎಲೆಗಳ ಹೊದಿಕೆ, ಆ ಎಲೆಗಳ ಕೆಳಗೆ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಬಿಳಿ ಜೀವಿಗಳು ಮತ್ತು ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಐಸೊಪಾಡ್‌ಗಳು: ಮೊದಲಿನವು ಬೂಷ್ಟನ್ನೂ ಎರಡನೆಯವು ಮಲವನ್ನೂ ಕೊಳೆತ ಎಲೆಯನ್ನೂ ತಿಂದು ಮಣ್ಣಿಗೆ ಮರಳಿಸುತ್ತವೆ. ನೋಡಲು ಇದಕ್ಕಿಂತ ಸೊಗಸಾದದ್ದಿಲ್ಲ, ಹಾವಿಗೂ ಇದು ಇಷ್ಟವೇ. ಆದರೂ ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ. ದೊಡ್ಡ ಹಾವಿನ ಒಂದು ಹೊತ್ತಿನ ಮಲವನ್ನು ಈ ಪುಟ್ಟ ಕೆಲಸಗಾರರು ತಿಂದು ಮುಗಿಸುತ್ತಾರೆಂದು ಕೈಕಟ್ಟಿ ಕುಳಿತರೆ ಗೂಡು ನಾರುತ್ತದೆ. ಜೊತೆಗೆ ಆ ಜೀವಿಗಳಿಗೆ ಬೇಕಾದ ತೇವ ಒಣ ನೆಲದ ಹಾವಿಗೆ ಹೆಚ್ಚಾಗುತ್ತದೆ. ಒಂದು ವರ್ಷ ಸಾಧಾರಣ ಹಾಸಿನ ಮೇಲೆ ಹಾವನ್ನು ಸಾಕಿ, ಅದರ ಮಲ, ಪೊರೆ, ಚಲನವಲನಗಳ ಪರಿಚಯವಾದ ಮೇಲೆ ಆ ಕೆಲಸಕ್ಕೆ ಕೈಹಾಕಬಹುದು. ಮರದ ಕೊಂಬೆಯನ್ನು ಬಿಟ್ಟು ಅಪರೂಪಕ್ಕೆ ಇಳಿಯುವ ನ್ಯೂಗಿನಿಯ ಹಸಿರು ಮರಹೆಬ್ಬಾವಿನಂಥವುಗಳಿಗೆ ನೆಲ ಮುಟ್ಟುವ ಪ್ರಶ್ನೆ ಅಷ್ಟಾಗಿ ಇಲ್ಲದಿದ್ದರೂ, ಅವುಗಳ ಗೂಡಿನ ಗಾಳಿಗೆ ತೇವ ಕೊಡುವುದು ನೆಲಹಾಸೇ.

ಯಾವ ಹಾಸೇ ಆಗಲಿ, ಮಲ ಕಂಡ ದಿನವೇ ಅದನ್ನು ಸುತ್ತಲಿನ ಒಂದು ಹಿಡಿ ಹಾಸಿನ ಸಮೇತ ತೆಗೆಯಬೇಕು. ಹಾವಿನ ಮೂತ್ರ ನಮ್ಮದರಂತೆ ತೆಳು ನೀರಲ್ಲ, ಬಹುಪಾಲು ಯೂರಿಕ್ ಆಮ್ಲದ ಬಿಳಿ ಸುಣ್ಣದಂಥ ಗಟ್ಟಿ. ಅದರ ಜೊತೆ ಬಂದ ದ್ರವ ಮಾತ್ರ ಕೆಳಗಿಳಿದು ಕೊಳೆತು ಅಮೋನಿಯಾದ ಘಾಟನ್ನು ಬಿಡುತ್ತದೆ. ಆ ಘಾಟು ಮುಚ್ಚಳ ತೆರೆದ ನಮ್ಮ ಮೂಗಿಗೆ ಬಂತೆಂದರೆ, ನೆಲಕ್ಕೆ ಮೂತಿಯೂರಿದ ಹಾವು ಅದನ್ನು ದಿನಗಟ್ಟಲೆಯಿಂದ ಉಸಿರಾಡುತ್ತಿದೆ ಎಂದೇ ಅರ್ಥ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಾಸನ್ನು ಪೂರ್ತಿ ತೆಗೆದು, ತಳವನ್ನು ತೊಳೆದು, ತೇವ ಆರಿದ ಮೇಲಷ್ಟೇ ಹೊಸದನ್ನು ತುಂಬಬೇಕು. ಹಾಗೆ ಬದಲಿಸುವಾಗ ಹಳೆಯ ಹಾಸಿನ ಶುಭ್ರವಾದ ಒಂದು ಹಿಡಿಯನ್ನು ಹೊಸದಕ್ಕೆ ಬೆರೆಸುವುದು ನನ್ನ ರೂಢಿ. ತನ್ನ ವಾಸನೆ ಪೂರ್ತಿ ಅಳಿಸಿಹೋದ ಗೂಡಿನಲ್ಲಿ ಹಾವು ಎರಡು ದಿನ ಕಂಗಾಲಾಗಿ ಗಾಜಿಗೆ ಮೂತಿ ಉಜ್ಜುವುದನ್ನು ಕಂಡಿದ್ದೇನೆ.

ತಮ್ಮ ಲೇಖಕರು ಮುಂದಿನ ಕಂತಿನಲ್ಲಿ ಇದೇ ವಿಷಯವನ್ನು ಮುಂದುವರಿಸುವುದಾಗಿ ತಿಳಿಸಿದ್ದಾರೆ. ಜಾಗದ ಅಭಾವದಿಂದ ನನ್ನ ಪತ್ರವನ್ನು ಪೂರ್ತಿಯಾಗಿ ಪ್ರಕಟಿಸಲು ಸಾಧ್ಯವಾಗದಿದ್ದರೂ, ಸೀಡರ್ ಮರದ ಚೂರನ್ನು ಹಾಸಬಾರದು, ತೇವ ಬೇಕೆಂದು ನೆಲದ ಮೇಲ್ಪದರವನ್ನು ನೆನೆಸಬಾರದು, ವಾರಕ್ಕೊಮ್ಮೆಯಾದರೂ ಹಾವನ್ನು ಎತ್ತಿ ಹೊಟ್ಟೆಯ ಹುರುಪೆಗಳನ್ನು ನೋಡಬೇಕು ಎಂಬ ಮೂರು ಸಾಲುಗಳನ್ನಾದರೂ ಆ ಕಂತಿನ ಜೊತೆಗೆ ಅಚ್ಚುಮಾಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಹಾವು ಸಾಕಿರುವ ಒಬ್ಬ ಓದುಗ